ಮಾತಕ್ಕನ ಪಕ್ಕದ ಖಾಲಿ ಕುರ್ಚಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಲಸೆ ನ್ಯಾಯಾಲಯದ ಹಿಂಬಾಗಿಲ ಮೆಟ್ಟಿಲ ಮೇಲೆ ಬೂದು ಕೋಟಿನ ಹೆಂಗಸೊಬ್ಬರು ಕೂತು, ಫ್ಲಾಸ್ಕಿನ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಾರೆ. "ಏನು ಮಾತಕ್ಕ, ಇವತ್ತೂ ನಮಗಿಂತ ಮುಂಚೆ?" ಎಂದು ಕಾವಲುಗಾರ ಬೀಗ ತೆಗೆಯುತ್ತ ಛೇಡಿಸುತ್ತಾನೆ. ಅವರು ಗಂಟಲು ಮುಟ್ಟಿ ತೋರಿಸಿ ನಗುತ್ತಾರೆ. ಅವರ ಅನ್ನವೆಲ್ಲ ಆ ಗಂಟಲಲ್ಲೇ ಇದೆ.

ಮಾತಕ್ಕ ಇಲ್ಲಿಯ ದುಭಾಷಿ. ವಲಸಿಗರ ಮಾತನ್ನು ನ್ಯಾಯಾಧೀಶರಿಗೆ, ನ್ಯಾಯಾಧೀಶರ ಮಾತನ್ನು ವಲಸಿಗರಿಗೆ ದಾಟಿಸುವುದು ಅವರ ಕೆಲಸ. ಈಚೆಗೆ ಕಾನೂನು ಒಂದರ ಮೇಲೊಂದು ಬದಲಾಗಿ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಪರವಾನಗಿ ಇಲ್ಲದವರನ್ನು ಕೆಲಸಕ್ಕಿಟ್ಟರೆ ಅಂಗಡಿಗೇ ಬೀಗ ಎಂದಾದ ಮೇಲೆ ಬೇಕರಿಯವರು, ಲಾಂಡ್ರಿಯವರು ಕೈ ಹಿಸುಕಿಕೊಳ್ಳುತ್ತ ಬರುತ್ತಾರೆ. ಹೆಂಡತಿ ಮಕ್ಕಳನ್ನು ಕರೆಸಲು ದೊಡ್ಡ ಮನೆಯೇ ಬೇಕಂತೆ! ಒಂದು ಕೋಣೆಯಲ್ಲಿ ನಾಲ್ವರು ಮಲಗುವ ಗಂಡಸರು ಅದನ್ನು ಎಲ್ಲಿಂದ ತರಬೇಕೋ ನಾ ಕಾಣೆ. ದಿನಕ್ಕೆ ಏಳೆಂಟು ವಿಚಾರಣೆ.

ದುಭಾಷಿ ಯಾರ ಮಾತನ್ನು ದಾಟಿಸಿದರೂ ಅವರೇ ಆಗಿ ಹೇಳಬೇಕು, ಸ್ವಂತದ್ದು ಒಂದಕ್ಷರ ಸೇರಿಸಕೂಡದು. "ಬೆಳಗ್ಗೆ ನಾನು ಬೇಕರಿ ಸಾಹುಕಾರ, ಮಧ್ಯಾಹ್ನ ಮೂರು ಮಕ್ಕಳ ತಂದೆ. ಸಂಜೆ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ನಾನು ಯಾರೂ ಅಲ್ಲ. ರೇಡಿಯೋ ಹೇಳಿದ್ದನ್ನೇ ನಮ್ಮ ಭಾಷೇಲಿ ಹೇಳ್ತಾ ಊಟ ಮಾಡ್ತೀನಿ, ನೋಡಿ, ಎಂಥ ಹುಚ್ಚು," ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಅವರದು ಒಂಟಿ ಕೋಣೆ, ಆದರೆ ಮಂಚ ಎರಡು. ಎರಡನೆಯದರ ಮೇಲೆ ಹೊದಿಕೆ ಮಡಚಿಟ್ಟು ವರ್ಷಗಳೇ ಆಗಿವೆ. ಅದು ದೂರದ ಹುಟ್ಟೂರಿನಲ್ಲಿರುವ ಅಕ್ಕನಿಗೆ. ತಾಯಿ ತೀರಿಕೊಂಡಾಗ ಇವರಿಗಿನ್ನೂ ನಡೆಯಲು ಬರುತ್ತಿರಲಿಲ್ಲ. ಅಕ್ಕ, ತಾನೇ ಇನ್ನೂ ಹುಡುಗಿ, ಸೊಂಟಕ್ಕೇರಿಸಿಕೊಂಡು ಸಾಕಿದರು. ಮದುವೆಯ ಗೊಡವೆಗೇ ಹೋಗಲಿಲ್ಲ. ಈಗ ಅಕ್ಕನಿಗೆ ಕಿವಿ ಮಂದ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಊರಿಗೆಲ್ಲ ಮಾತಾಗುವವರಿಗೆ ಸ್ವಂತ ಅಕ್ಕನ ಜೊತೆ ಮಾತಿಲ್ಲ.

ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ದಾರಿ ಇರಲಿಲ್ಲ. ಈ ವರ್ಷ ಸಣ್ಣದೊಂದು ಕಿಂಡಿ ತೆರೆದಿದೆ: ತಾಯಿಯ ಜಾಗದಲ್ಲಿ ನಿಂತು ಸಾಕಿದವರನ್ನು ಕರೆಸಬಹುದು. ಆದರೆ ಅದನ್ನು ನ್ಯಾಯಾಧೀಶರ ಮುಂದೆ ಖುದ್ದಾಗಿ ಹೇಳಬೇಕು. ಹೋದ ತಿಂಗಳು ಮಾತಕ್ಕ ಹೇಳಲು ಹೋಗಿ ಫಜೀತಿಯಾಯಿತು.

"ನಿಮ್ಮನ್ನ ಸಾಕಿದ್ದು ಯಾರು ಅಂತ ಕೇಳಿದ್ರು. ನಾನು ಅಭ್ಯಾಸಬಲ, ಪ್ರಶ್ನೇನ ನಮ್ಮ ಭಾಷೆಗೆ ನೀಟಾಗಿ ತಿರುಗಿಸಿ, ವಲಸಿಗರು ಕೂರೋ ಪಕ್ಕದ ಕುರ್ಚಿ ಕಡೆ ನೋಡ್ತಾ ಉತ್ತರಕ್ಕೆ ಕಾದೆ! ಕುರ್ಚಿ ಖಾಲಿ. ಗುಮಾಸ್ತ ಕಿಸಕ್ಕಂತ ನಕ್ಕ, ನಂಗೂ ನಗು ಬಂತು. ಆಮೇಲೆ, ಅಯ್ಯೋ, ಹೇಳೋರು ಯಾರೂ ಇಲ್ವಲ್ಲ ಅನ್ನಿಸ್ತು. ಎಲ್ಲರ ಗೋಳೂ ಹೇಳ್ದೋಳು, ನನ್ನ ಸರದಿ ಬಂದಾಗ ತುಟಿ ಬಿಚ್ಲಿಲ್ಲ."

ನ್ಯಾಯಾಧೀಶರು ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದಾರೆ. ಅದು ಇವತ್ತು.

ವಿಚಾರಣೆಯ ಕೋಣೆಯೊಳಗೆ ಹೋದವರೇ ಅವರು ಪಕ್ಕದ ಕುರ್ಚಿಯನ್ನು ಎತ್ತಿ ದೂರದ ಗೋಡೆಗೆ ತಾಗಿಸಿ ಇಟ್ಟು ಬರುತ್ತಾರೆ. ಮತ್ತದೇ ಪ್ರಶ್ನೆ. ಅವರ ಕತ್ತು ಪಕ್ಕಕ್ಕೆ ವಾಲಿ, ಅರ್ಧದಲ್ಲೇ ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ನಾನು ಮುಂದಕ್ಕೆ ಬಾಗುತ್ತೇನೆ.

"ನಮ್ಮಕ್ಕ," ಎನ್ನುತ್ತಾರೆ ಮಾತಕ್ಕ, ತಮ್ಮದೇ ಭಾಷೆಯಲ್ಲಿ. "ನನ್ನ ಸಾಕಿದ್ದು ನಮ್ಮಕ್ಕ. ನಾನು ಕೆಮ್ಮಿದ್ರೆ ಅವಳಿಗೆ ನಿದ್ದೆ ಇರ್ತಿರ್ಲಿಲ್ಲ. ನಂಗೆ ಬೇರೆ ಯಾರೂ ಇಲ್ಲ." ಅಳು ತಡೆದುಕೊಂಡು, ಒಂದಕ್ಷರ ಬಿಡದೆ, ಅಷ್ಟನ್ನೂ ನ್ಯಾಯಾಧೀಶರ ಭಾಷೆಯಲ್ಲಿ ಇನ್ನೊಮ್ಮೆ ಹೇಳುತ್ತಾರೆ. ಈ ಸಲ ಗುಮಾಸ್ತ ನಗುವುದಿಲ್ಲ.

ತೀರ್ಪು ಮುಂದಿನ ವಾರ. ಅಷ್ಟರಲ್ಲಿ ಲಾಂಡ್ರಿಯವನ ವಿಚಾರಣೆಗೆ ಕರೆ ಬಂದಿದೆ, ಮಾತಕ್ಕ ಎದ್ದಾಗಿದೆ. ಅಕ್ಕ ಬಂದರೆ ಮೊದಲು ಏನು ಮಾಡುತ್ತೀರಿ ಎಂದು ಹಿಂದೆಯೇ ಓಡಿ ಕೇಳುತ್ತೇನೆ.

"ಜಗಳ!" ಎನ್ನುತ್ತಾರೆ ಥಟ್ಟನೆ. "ಇಷ್ಟು ವರ್ಷ ಒಬ್ಬರು ಮುಗಿಸೋವರ್ಗೂ ಕಾದು ಕಾದು ಮಾತಾಡಿದ್ದೀನಿ. ಅವಳು ಬರ್ಲಿ, ಇಬ್ಬರೂ ಒಟ್ಟಿಗೇ ಕೂಗಾಡ್ಬೇಕು, ಯಾರೂ ಯಾರಿಗೂ ಕಾಯ್ಬಾರ್ದು."