ಮೇಡಂ ಕೊಟ್ಟ ಪೆನ್ಸಿಲ್

ನಮ್ಮ ಮೇಡಂ ಮೂವತ್ತು ವರ್ಷ ಇಲಿಗಳ ಮಿದುಳಿನಲ್ಲಿ ನೆನಪು ಎಲ್ಲಿ ಉಳಿಯುತ್ತದೆಂದು ಹುಡುಕಿದವರು. ಆ ಮಿದುಳನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸುವುದು ಅವರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಒಮ್ಮೆ ಗಾಜುಗಳ ಅಂಚಿನಲ್ಲಿ, ಯಾವುದು ಯಾವ ಇಲಿಯದೆಂದು ಪೆನ್ನಿನಿಂದ ನಂಬರು ಬರೆದೆ. ಸ್ಪಿರಿಟ್ಟಿಗೆ ಅದ್ದಿದೊಡನೆ ಶಾಯಿ ತೊಳೆದುಹೋಯಿತು. ಹೆದರಿ, ಅಂದಾಜಿನ ಮೇಲೆ ಮತ್ತೆ ಬರೆದಿಟ್ಟೆ. ಅದನ್ನು ನಂಬಿ ಬರೆದ ಲೇಖನದಿಂದ ಮೇಡಂ ಹೆಸರಾದರು. ವರ್ಷದ ಮೇಲೆ, ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಅವರಿಗೆ ಹೇಳಿಬಿಟ್ಟೆ.

"ಅಯ್ಯೋ ಪುಣ್ಯಾತ್ಮ, ಎಲ್ಲರ ಮೇಲೂ ಹಾರಾಡೋ ನಿಂಗೆ ಇಷ್ಟು ಹೇಳೋಕೆ ಬಾಯಿ ಬರ್ಲಿಲ್ವಾ?" ಎಂದರು.

ಲೇಖನ ಹಿಂತೆಗೆದುಕೊಳ್ಳುತ್ತೇನೆಂದು ಪತ್ರಿಕೆಗೆ ಪತ್ರ ಬರೆಯಲು ಕೂತರು. "ಬೇಡಿ ಮೇಡಂ, ಯಾರಿಗೂ ಗೊತ್ತಾಗಲ್ಲ," ಎಂದರು ಶಿಷ್ಯರು.

"ನಂಗೆ ಗೊತ್ತಾಯ್ತಲ್ಲ."

ಪತ್ರದಲ್ಲಿ 'ತಪ್ಪು ನನ್ನದು' ಎಂದೇ ಬರೆದರು. ನನ್ನ ಕೈಗೆ ಸ್ಪಿರಿಟ್ಟಿಗೂ ಅಳಿಯದ ಪೆನ್ಸಿಲ್ ಕೊಟ್ಟರು.

ಆ ಶಿಷ್ಯರೆಲ್ಲ ಈಗ ದೊಡ್ಡವರು. ಅವರ ಪ್ರಯೋಗಾಲಯಗಳಲ್ಲೂ ಗಾಜಿಗೆ ಪೆನ್ಸಿಲ್ಲೇ. ತಪ್ಪು ನಿಜವಾಗಿ ಯಾರದೆಂದು ಮೇಡಂ ಯಾರಿಗೂ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.