ಲಿನಕ್ಸ್ ಕಲಿಸಿದ ಮೇಡಂ

ನೋಯ್ಡಾದ ಕಂಪ್ಯೂಟರ್ ಕೇಂದ್ರದಲ್ಲಿ ನಮಗೆ ಲಿನಕ್ಸ್ ಕಲಿಸುತ್ತಿದ್ದ ಮೇಡಂ ಕುಂದಾಪುರದ ಕಡೆಯವರು. ಕೀಬೋರ್ಡ್ ಮುಟ್ಟುವ ಮೊದಲು ದುಪಟ್ಟಾದ ತುದಿಗೆ ಬೆರಳು ಒರೆಸಿಕೊಳ್ಳುವರು. ನಾನು ತಡವರಿಸಿದಾಗಲೆಲ್ಲ, "ಸ್ಕ್ರೀನ್ ಏನ್ ಹೇಳ್ತಿದೆ, ಮೊದ್ಲು ಓದಿ" ಎಂದು ಕನ್ನಡದಲ್ಲೇ ಹೇಳುವರು.

ಒಂದು ಬೆಳಿಗ್ಗೆ ನಮ್ಮೆಲ್ಲರ ಅಭ್ಯಾಸದ ಫೈಲುಗಳು ಸರ್ವರಿನಿಂದ ಅಳಿಸಿಹೋಗಿದ್ದವು. ಕೇಂದ್ರದ ಮಾಲೀಕರು ಹೊಸಬನಾದ ನನ್ನನ್ನೇ ಹಿಡಿದು, ನಾಳೆಯಿಂದ ಬರಬೇಡ ಎಂದು ಹಿಂದಿಯಲ್ಲಿ ಗದರಿದರು. ನಾನು ಚೀಲ ಎತ್ತಿಕೊಂಡು ಎದ್ದೆ.

ಮೇಡಂ ಮೊದಲು ತಮ್ಮ ಲಾಗಿನ್ ತೆರೆದು 'ಹಿಸ್ಟರಿ' ಎಂದು ಟೈಪ್ ಮಾಡಿದರು. ಅವರು ಹಿಂದಿನ ದಿನ ಕೊಟ್ಟಿದ್ದ ಕಮಾಂಡುಗಳೆಲ್ಲ ಸಾಲಾಗಿ ಬಂದವು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಮೈನೇ ಕಿಯಾ, ಸರ್" ಎಂದರು. ನನ್ನತ್ತ ತಿರುಗಿ, "ಅಳಿಸಿದ್ದು ನಾನೇ. ನೀವು ಕೂತ್ಕೊಳ್ಳಿ" ಎಂದರು.

ತಿಂಗಳ ಕೊನೆಗೆ ಅವರ ಜಾಗಕ್ಕೆ ಬೇರೊಬ್ಬರು ಬಂದರು. ಅಷ್ಟರೊಳಗೆ ಮೇಡಂ, ಹೋದ ಫೈಲುಗಳನ್ನೆಲ್ಲ ನಮ್ಮ ಪಕ್ಕದಲ್ಲೇ ಕೂತು ಮತ್ತೆ ಬರೆಸಿದ್ದರು.