ಡೇಲಿಯಾ ಪಾತಿಯ ಹಸಿರು ಬಾಟಲಿ

ವಸ್ತಾರೆ ಹತ್ತಿರ ನಮ್ಮ ದೊಡ್ಡಮ್ಮನ ಮನೆಯ ಅಂಗಳದಲ್ಲಿ ಡೇಲಿಯಾ ಪಾತಿಗೆ ಬಾಟಲಿಗಳ ಅಂಚಿದೆ. ಬಾಟಲಿಯನ್ನು ತಲೆಕೆಳಗಾಗಿ ಹೂತು, ತಳವನ್ನು ಮಾತ್ರ ನಾಲ್ಕು ಬೆರಳು ಮೇಲೆ ಬಿಟ್ಟಿದ್ದಾರೆ. ನಮ್ಮ ಕಡೆ ಎಸ್ಟೇಟ್ ಮನೆಗಳಲ್ಲಿ ಇದು ಮಾಮೂಲು. ಮಣ್ಣು ಕೊಚ್ಚಿ ಹೋಗುವುದಿಲ್ಲ, ನೋಡಲೂ ಚೆಂದ.

ನಾನು ಹಳೆ ಬಾಟಲಿ ಕೂಡಿಡಲು ಶುರುಮಾಡಿ ಮೂರು ವರ್ಷವಾಯಿತು. ಸಿಕ್ಕ ದಿನ, ಜಾಗ, ಬಣ್ಣ, ಎತ್ತರ ಎಲ್ಲ ಡೈರಿಯಲ್ಲಿ ಬರೆಯುತ್ತೇನೆ. ಮುಖ್ಯವಾಗಿ ಗೆರೆ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಗಾಜಿನ ಮೇಲೊಂದು ಸಣ್ಣ ಗೆರೆ ಉಳಿದಿರುತ್ತದೆ. ಅದು ಬಾಯಿಯವರೆಗೂ ಹತ್ತಿದ್ದರೆ ಯಂತ್ರದಲ್ಲಿ ಆದದ್ದು. ಕತ್ತಿನಲ್ಲೇ ನಿಂತಿದ್ದರೆ ಬಾಯನ್ನು ಕೈಯಿಂದ ತಿದ್ದಿದ್ದು, ಇನ್ನೂ ಹಳೆಯದು. ನನ್ನ ಹತ್ತಿರ ಐವತ್ತೆಂಟು ಬಾಟಲಿಗಳಿದ್ದವು. ಕೈಯಲ್ಲಿ ತಿದ್ದಿದ್ದು ಒಂದೂ ಇರಲಿಲ್ಲ. ಅಂಥದ್ದೊಂದು ಸಿಕ್ಕರೆ ಸಾಕು ಅನ್ನಿಸುತ್ತಿತ್ತು.

ಪಾತಿಯ ಮೂಲೆಯಲ್ಲಿ ಒಂದು ದಪ್ಪ ಹಸಿರು ತಳವಿತ್ತು. ಗಾಜಿನೊಳಗೆ ಗುಳ್ಳೆಗಳು, ತಳ ಸ್ವಲ್ಪ ಸೊಟ್ಟ. ಇದೇ ಇರಬೇಕು. ಆದರೆ ನೋಡಬೇಕಾದ ಕತ್ತು ಮಣ್ಣಿನಲ್ಲಿ.

“ಇದನ್ನ ಕೀಳ್ಲಾ ದೊಡ್ಡಮ್ಮ?” ಅಂದೆ.

“ಕೀಳು. ಜಾಗ ಖಾಲಿ ಬಿಡೋ ಹಾಗಿಲ್ಲ. ನನ್ನ ಗೆಡ್ಡೆಗೇನಾದ್ರೂ ತಾಗ್ತೋ, ನಿನ್ನ ಬಾಟ್ಲಿನೆಲ್ಲ ಗುಜರಿಯವನಿಗೆ ಹಾಕ್ತೀನಿ.”

ಬದಲಿಗೆ ಹೂಳಲು ಕೊಟ್ಟಿಗೆಹಾರದ ಹೋಟೆಲಿನಿಂದ ಅಷ್ಟೇ ದಪ್ಪದ ಬಾಟಲಿಯೊಂದನ್ನು ತಂದಿಟ್ಟೆ. ಒಣಮಣ್ಣಿನಿಂದ ಎಳೆದರೆ ಒಡೆಯುತ್ತದೆಂದು ಹೂಮಳೆಗೆ ಕಾದೆ. ಮಾರ್ಚಿನಲ್ಲಿ ಊರವರೆಲ್ಲ ಕಾಫಿ ಹೂವಿಗಾಗಿ ಆಕಾಶ ನೋಡುತ್ತಿದ್ದರು, ನಾನು ಬಾಟಲಿಗಾಗಿ.

ಮಳೆ ಬಂದ ಮರುದಿನ ಬೆಳಿಗ್ಗೆ ಚಮಚದಲ್ಲಿ ಮಣ್ಣು ಬಿಡಿಸಿ, ಮೆಲ್ಲಗೆ ಅಲ್ಲಾಡಿಸಿ ಎತ್ತಿದೆ. ಬಾಟಲಿ ಬಂತು, ಕತ್ತಿರಲಿಲ್ಲ. ನಾನೇ ಮುರಿದೆನೇನೋ ಎಂದು ಗುಂಡಿಯೊಳಗೆ ಕೈಹಾಕಿ ತಡಕಿದೆ. ಚೂರೂ ಸಿಗಲಿಲ್ಲ. ಪಕ್ಕದ್ದನ್ನು ಎತ್ತಿದೆ. ಅದಕ್ಕೂ ಕತ್ತಿಲ್ಲ. ಮೂರನೆಯದರ ಬಾಯಿ ಅರ್ಧ ಹಾರಿಹೋಗಿತ್ತು.

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ದೊಡ್ಡಮ್ಮನಿಗೆ ನಗು.

“ನೆಟ್ಟಗಿರೋ ಬಾಟ್ಲಿನ ಯಾರಾದ್ರೂ ಹೂಳ್ತಾರಾ ಮಾರಾಯ್ತಿ? ಸೀಮೆಎಣ್ಣೆಗೆ, ತುಪ್ಪಕ್ಕೆ ಬೇಕಿತ್ತಲ್ಲ. ಒಡೆದಿದ್ದು ಮಾತ್ರ ಪಾತಿಗೆ.”

“ಮೊದ್ಲೇ ಹೇಳಬಾರ್ದಿತ್ತಾ?”

“ನೀನು ಬಾಟ್ಲಿ ಬೇಕು ಅಂದ್ಯಾ? ಇದನ್ನ ಕೀಳ್ಲಾ ಅಂದೆ.”

ಹಾಗಾದರೆ ಒಡೆಯದೆ ಉಳಿದವು ಒಳಗಿರಬೇಕಲ್ಲ. ಕೇಳಿದೆ. ದೊಡ್ಡಮ್ಮ ಅಡುಗೆಮನೆಯ ಮೇಲಿನ ಹಲಗೆಯಿಂದ, ಡಬ್ಬಗಳ ಹಿಂದಿದ್ದ ಒಂದನ್ನು ಇಳಿಸಿಕೊಟ್ಟರು. ಅದೇ ಹಸಿರು, ಅವೇ ಗುಳ್ಳೆಗಳು, ಮುಕ್ಕಾಲು ಜೇನು. ಕಿಟಕಿಯ ಬೆಳಕಿಗೆ ಹಿಡಿದು ಗೆರೆಯ ಮೇಲೆ ಹೆಬ್ಬೆರಳು ಇಟ್ಟು ಮೇಲಕ್ಕೆ ಸರಿಸುತ್ತಾ ಹೋದೆ. ಕತ್ತಿನ ನಡುವೆ ಗೆರೆ ನಿಂತಿತು. ಅಲ್ಲಿಂದ ಮೇಲೆ ನುಣುಪು. ಇನ್ನೊಂದು ಬದಿಯಲ್ಲೂ ನೋಡಿದೆ, ಹಾಗೇ ಇತ್ತು.

“ಇದು ನಂಗೆ ಕೊಡ್ತೀರಾ?”

“ಜೇನು ಮುಗೀಲಿ, ತಗೊಂಡು ಹೋಗು. ಬೇರೆಯದಕ್ಕೆ ಸುರಿಯೋಕೆ ನಾನು ಬಿಡಲ್ಲ.”

ಕಿತ್ತ ಮೂರನ್ನೂ ಆಯಾ ಜಾಗದಲ್ಲೇ ಹೂತು ಮಣ್ಣು ಒತ್ತಿದೆ. ಕೊಟ್ಟಿಗೆಹಾರದಿಂದ ತಂದದ್ದು ನೆಟ್ಟಗಿತ್ತಲ್ಲ, ದೊಡ್ಡಮ್ಮ ತೊಳೆದು ಒಳಗಿಟ್ಟುಕೊಂಡರು. ಆಮೇಲೆ ದೋಸೆ ಹಾಕಿ, ಮೇಲೆ ಜೇನು ಸುರಿದರು.

“ಸಾಕಾ?” ಅಂದರು.

“ಇನ್ನೂ ಸ್ವಲ್ಪ” ಅಂದೆ.